ಮೂರು ತಲೆಮಾರಿನಾಚೆಯ ಹಿರಿಯರು

ಮನುಷ್ಯನು ಹುಟ್ಟುವಾಗಲೇ ಋಣ ಹೊತ್ತು ಬರುತ್ತಾನೆಂಬ ಕಲ್ಪನೆ ವೈದಿಕ ಸಾಹಿತ್ಯದಷ್ಟೇ ಹಳೆಯದು. ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣನಾಗಿ ಹುಟ್ಟಿದವನು ಋಷಿಗಳ ಋಣವನ್ನು ಬ್ರಹ್ಮಚರ್ಯದಿಂದಲೂ ದೇವತೆಗಳ ಋಣವನ್ನು ಯಜ್ಞದಿಂದಲೂ ಪಿತೃಗಳ ಋಣವನ್ನು ಸಂತಾನದಿಂದಲೂ ತೀರಿಸಬೇಕು. ಇಲ್ಲಿ ಪಿತೃಗಳಿಗೆ ಸಲ್ಲಬೇಕಾದದ್ದು ವಂಶದ ಮುಂದುವರಿಕೆಯೇ ಹೊರತು ಅವರು ಯಾರಾಗಿದ್ದರು, ಹೇಗೆ ಬದುಕಿದರು ಎಂಬ ಅರಿವಲ್ಲ. ಆದರೆ ಇಂದು ಊರೂರುಗಳಲ್ಲಿ, ಹೊರದೇಶಗಳಲ್ಲಿ ಚದುರಿಹೋದ ಬಂಧುಗಳು ಒಂದೆಡೆ ಸೇರಿ ವಂಶವೃಕ್ಷ ಬರೆಯುವ, ಹಳೆಯ ಕಾಗದಪತ್ರ ಹುಡುಕುವ, ವೃದ್ಧರ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸಕ್ಕೆ ತೊಡಗಿರುವಾಗ ಒಂದು ಧಾರ್ಮಿಕ ಪ್ರಶ್ನೆ ತಾನಾಗಿಯೇ ಏಳುತ್ತದೆ: ಸತ್ತವರಿಗೆ ಬದುಕಿರುವವರು ಕೊಡಬೇಕಾದದ್ದು ಅನ್ನ, ನೀರು ಮಾತ್ರವೇ, ಅಥವಾ ಅವರನ್ನು ತಿಳಿದುಕೊಳ್ಳುವುದೂ ಆ ಋಣದೊಳಗೇ ಸೇರುತ್ತದೆಯೇ?

ಶ್ರಾದ್ಧವಿಧಿಯ ಒಳರಚನೆಯನ್ನು ಗಮನಿಸಿದರೆ ಅದು ನೆನಪಿನಷ್ಟೇ ಕ್ರಮಬದ್ಧವಾಗಿ ಮರೆವನ್ನೂ ನಡೆಸಿಕೊಡುವ ವ್ಯವಸ್ಥೆಯೆಂಬುದು ತಿಳಿಯುತ್ತದೆ. ತಂದೆ, ತಾತ, ಮುತ್ತಾತ ಈ ಮೂವರನ್ನು ಕ್ರಮವಾಗಿ ವಸು, ರುದ್ರ, ಆದಿತ್ಯ ರೂಪಿಗಳೆಂದು ಭಾವಿಸಿ, ಗೋತ್ರ ಮತ್ತು ಹೆಸರು ಹೇಳಿ ಪಿಂಡ ಕೊಡಲಾಗುತ್ತದೆ. ಸಪಿಂಡೀಕರಣ, ಅಂದರೆ ಸತ್ತವನ ಪ್ರೇತಪಿಂಡವನ್ನು ಮೂರು ಭಾಗ ಮಾಡಿ ಅವನ ಹಿಂದಿನ ಮೂವರ ಪಿಂಡಗಳಲ್ಲಿ ಬೆರೆಸುವ ಕ್ರಿಯೆ, ಮುಗಿದೊಡನೆ ಆತನು ಪಿತೃಗಳ ಸಾಲಿಗೆ ಸೇರುತ್ತಾನೆ. ಅವನು ಸೇರಿದಂತೆ ಸಾಲಿನ ತುದಿಯಲ್ಲಿದ್ದ ಹಿರಿಯನು ಪಿಂಡದ ಹಕ್ಕು ಕಳೆದುಕೊಂಡು ‘ಲೇಪಭಾಜ’ನಾಗುತ್ತಾನೆ. ಪಿಂಡ ಕಟ್ಟಿದ ಕೈಗೆ ಅಂಟಿದ ಅನ್ನದ ಅಗುಳನ್ನು ದರ್ಭೆಗೆ ಒರೆಸಿದಾಗ ಅದರಲ್ಲಿ ಪಾಲು ಪಡೆಯುವವನು ಎಂಬುದು ಈ ಮಾತಿನ ಅರ್ಥ. ಅವನಿಗೆ ಆ ಬಳಿಕ ಪ್ರತ್ಯೇಕ ಹೆಸರಿಲ್ಲ. ಹೆಸರೇ ಗೊತ್ತಿಲ್ಲದವರಿಗೂ ಶಾಸ್ತ್ರ ದಾರಿ ತೋರಿಸಿದೆ. ಅಂಥವರನ್ನು ಭೂಮಿಯಲ್ಲಿ, ಅಂತರಿಕ್ಷದಲ್ಲಿ, ದ್ಯುಲೋಕದಲ್ಲಿ ನೆಲೆಸಿರುವ ಪಿತೃಗಳೆಂದು ಕರೆದು ಸ್ವಧಾ ಹೇಳಬಹುದು. ಅಂದರೆ ಕರ್ಮ ನಡೆಯಲು ತಿಳಿವಳಿಕೆ ಅನಿವಾರ್ಯವಲ್ಲ. ಇದನ್ನು ಶಾಸ್ತ್ರದ ಕೊರತೆಯೆನ್ನುವುದು ಸರಿಯಲ್ಲ. ಓದುಬರಹ ಬಲ್ಲವರಿಗೂ ನಾಲ್ಕನೆಯ ತಲೆಮಾರಿನ ಹೆಸರು ಉಳಿಯುವುದು ಕಷ್ಟವಾಗಿದ್ದ ಕಾಲದಲ್ಲಿ, ಮರೆತದ್ದು ಪಾಪವಾಗದಂತೆ ನೋಡಿಕೊಂಡ ಕರುಣೆ ಅದರಲ್ಲಿದೆ.

ಶಾಸ್ತ್ರದ ಹೊರಗಿನ ಆಚರಣೆ ಬೇರೊಂದು ದಾರಿ ಹಿಡಿದಿದೆ. ಹಳೆ ಮೈಸೂರು ಸೀಮೆಯ ಒಕ್ಕಲುಮನೆಗಳಲ್ಲಿ ಭಾದ್ರಪದ ಬಹುಳದ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಗೋತ್ರ, ಪ್ರವರಗಳನ್ನು ಯಾರೂ ಕೇಳುವುದಿಲ್ಲ. ಸತ್ತವರಿಗೆ ಏನು ಇಷ್ಟವಾಗಿತ್ತು ಎಂಬುದೇ ಅಲ್ಲಿ ಮುಖ್ಯ. ಹೊಸ ಬಟ್ಟೆಯ ಮುಂದೆ ಹಾಸಿದ ಬಾಳೆ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ಕಜ್ಜಾಯ, ಪಕ್ಕದಲ್ಲಿ ಎಲೆಅಡಿಕೆ, ಸೇದುತ್ತಿದ್ದವರಿಗೆ ಬೀಡಿ ಕಟ್ಟು ಇಟ್ಟು, ಧೂಪ ಹಾಕಿ, ಅವರು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. ಶ್ರಾದ್ಧವು ಹೆಸರನ್ನು ಉಳಿಸಿಕೊಂಡು ವ್ಯಕ್ತಿಯನ್ನು ಬಿಟ್ಟುಕೊಟ್ಟರೆ, ಎಡೆಯು ವ್ಯಕ್ತಿಯ ರುಚಿಯನ್ನು ಹಿಡಿದಿಡುತ್ತದೆ. ಆದರೆ ಆ ರುಚಿ ಬಲ್ಲವರು, ಅವರೊಡನೆ ಕೂತು ಉಂಡವರು ಇರುವಷ್ಟು ಕಾಲ ಮಾತ್ರ. ಅವರೂ ಹೋದ ಮೇಲೆ ಎಡೆಯು ‘ಹಿರಿಯರಿಗೆ’ ಎಂಬ ಒಂದೇ ಮಾತಿನಲ್ಲಿ ಎಲ್ಲರಿಗೂ ಸಲ್ಲುತ್ತದೆ.

ಇದಕ್ಕೆ ನೇರ ವಿರುದ್ಧವಾದ ನಿಲುವು ಅಮೆರಿಕದ ಯೂಟಾದಲ್ಲಿ ನೆಲೆಗೊಂಡಿರುವ, ಮಾರ್ಮನ್ ಎಂದು ಹೆಸರಾದ ಕ್ರೈಸ್ತ ಪಂಥದ್ದು. ದೀಕ್ಷಾಸ್ನಾನ ಪಡೆಯದೆ ಸತ್ತವರ ಪರವಾಗಿ ಬದುಕಿರುವವರು ಅದನ್ನು ಪಡೆಯಬಹುದು, ಸತ್ತವರ ಆತ್ಮ ಅದನ್ನು ಒಪ್ಪಬಹುದು ಅಥವಾ ಬಿಡಬಹುದು ಎಂಬ ನಂಬಿಕೆಯಿಂದ, ಅಲ್ಲಿ ಪ್ರತಿಯೊಬ್ಬ ಪೂರ್ವಜನನ್ನೂ ಹೆಸರು ಸಹಿತ ಗುರುತಿಸುವುದು ಧಾರ್ಮಿಕ ಕರ್ತವ್ಯವಾಗಿದೆ. 1894ರಲ್ಲಿ ಅದಕ್ಕಾಗಿಯೇ ಒಂದು ವಂಶಾವಳಿ ಸಂಘವೂ ಹುಟ್ಟಿತು. ಹೆಸರಿಗೆ ಇಷ್ಟು ಬೆಲೆ ಕೊಡುವ ನಿಲುವು ಗೌರವಕ್ಕೆ ಅರ್ಹವಾದರೂ ಅದರ ಅಪಾಯವೂ ಮುಂದೆ ಗೋಚರಿಸಿತು. ನಾಜಿಗಳ ಕೈಯಲ್ಲಿ ಹತರಾದ ಯೆಹೂದಿಗಳ ಹೆಸರಿನಲ್ಲೂ ಈ ಸ್ನಾನ ನಡೆದದ್ದು ತಿಳಿದು ಯೆಹೂದಿ ಸಂಘಟನೆಗಳು ಪ್ರತಿಭಟಿಸಿದಾಗ, 1995ರಲ್ಲಿ ಆ ಪಂಥವು ಅಂಥ ಹೆಸರುಗಳನ್ನು ತೆಗೆಯಲು ಒಪ್ಪಬೇಕಾಯಿತು. ಸತ್ತವರನ್ನು ತಿಳಿಯುವುದು ಬೇರೆ, ಅವರ ಮೇಲೆ ಹಕ್ಕು ಸಾಧಿಸುವುದು ಬೇರೆ ಎಂಬ ವಿವೇಕ ವಂಶದ ಇತಿಹಾಸ ಬರೆಯುವ ಯಾವ ಕುಟುಂಬಕ್ಕೂ ಬೇಕು.

ಕರ್ನಾಟಕದಲ್ಲಿ ವಂಶದ ನೆನಪನ್ನು ವೃತ್ತಿಯಾಗಿ ಹೊತ್ತವರು ಹೆಳವರು. ಎತ್ತಿನ ಮೇಲೆ ಕೂತು ಸುಗ್ಗಿಯ ನಂತರ ಒಕ್ಕಲುಗಳ ಮನೆಬಾಗಿಲಿಗೆ ಬಂದು, ಆ ಮನೆತನ ಯಾವ ಊರಿಂದ ಬಂತು, ಯಾರಿಗೆ ಯಾರು ಹುಟ್ಟಿದರು ಎಂಬುದನ್ನು ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ದವಸಧಾನ್ಯ, ಬಟ್ಟೆಬರೆ ಪಡೆದು ಮುಂದಿನ ಊರಿಗೆ ಹೋಗುವುದು ಅವರ ಪದ್ಧತಿ. ಹರಿದ್ವಾರದ ಪಂಡರು ಯಾತ್ರಿಕರ ಮನೆತನಗಳನ್ನು ಊರುಗಳ ಪ್ರಕಾರ ಬರೆದಿಟ್ಟ ಬಹಿಗಳದೂ ಇದೇ ಉದ್ದೇಶ. ಈ ಪರಂಪರೆಗೆ ಕನ್ನಡ ಒಕ್ಕಲುಮನೆಗಳು ಸಲ್ಲಿಸಬೇಕಾದ ಕೃತಜ್ಞತೆ ಇನ್ನೂ ಪೂರ್ತಿಯಾಗಿ ಸಂದಿಲ್ಲ. ಆದರೂ ಇನ್ನೊಬ್ಬರು ಹೇಳಿದ ವಂಶಾವಳಿಯನ್ನು ಕೇಳುವುದು ಒಂದು, ಬಂಧುಗಳೇ ಸೇರಿ ಅದನ್ನು ಕಂಡುಕೊಳ್ಳುವುದು ಇನ್ನೊಂದು.

ಬಂಧುಗಳು ಸೇರಬೇಕಾದ ಕಾರಣವೆಂದರೆ, ಯಾವ ಒಬ್ಬನಿಗೂ ಹಿರಿಯರ ಬದುಕು ಇಡಿಯಾಗಿ ಗೊತ್ತಿರುವುದಿಲ್ಲ. ಒಬ್ಬ ಅಜ್ಜನ ಜಮೀನಿನ ವ್ಯಾಜ್ಯ ಹಿರಿಯ ಮಗನಿಗೆ ತಿಳಿದಿದ್ದರೆ ಆತನ ಕೊನೆಗಾಲದ ಕಾಯಿಲೆ ಕಿರಿಯ ಸೊಸೆಗೆ ಗೊತ್ತು. ಬರಗಾಲದಲ್ಲಿ ಆತ ಯಾರಿಂದ ರಾಗಿ ಕಡ ತಂದನೆಂಬುದು ಬೀಗರ ಮನೆಯಲ್ಲಷ್ಟೇ ಉಳಿದಿರಬಹುದು. ದಾಖಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪಹಣಿಯಲ್ಲಿ ಭೂಮಿಯ ಒಡೆಯನ ಹೆಸರಿದೆ, ದುಡಿದವಳದ್ದಿಲ್ಲ. ನಾಡಕಚೇರಿ ಕೊಡುವ ವಂಶವೃಕ್ಷದ ಪತ್ರ ವಾರಸುದಾರಿಕೆಯ ಅಗತ್ಯಕ್ಕೆಂದೇ ಹುಟ್ಟಿದ್ದು. ಆದರೆ ಮದುವೆಮನೆಯ ಮುಯ್ಯಿ ಪುಸ್ತಕವನ್ನು ಹಾಳೆಹಾಳೆಯಾಗಿ ಓದಿದರೆ, ಯಾವ ಊರಿಂದ ಯಾರು ಬಂದು ಎರಡು ರೂಪಾಯಿಯನ್ನೋ ಒಂದು ಪಂಚೆಯನ್ನೋ ಕೊಟ್ಟರೆಂಬ ಸಾಲುಗಳಲ್ಲಿ ಕುಟುಂಬದ ನಿಜವಾದ ವಿಸ್ತಾರ ಕಾಣುತ್ತದೆ. ಋಣ ಎಂಬುದರ ಅರ್ಥ ಅಲ್ಲಿ ಅಂಕಿಸಂಖ್ಯೆಯಾಗಿಯೇ ಇರುವುದರಿಂದ, ಪಿತೃಋಣವನ್ನು ವಿಚಾರ ಮಾಡುವವರು ಮೊದಲು ತೆರೆಯಬೇಕಾದ ಪುಸ್ತಕ ಅದೇ.

ಈ ಕೆಲಸಕ್ಕೆ ಬಲವಾದ ಆಕ್ಷೇಪ ಕನ್ನಡದ ಒಳಗಿನಿಂದಲೇ ಬಂದಿದೆ. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಕುಲವನ್ನು ಮನುಷ್ಯನ ಅಳತೆಗೋಲಾಗಿ ಒಪ್ಪಲಿಲ್ಲ. ಸಂನ್ಯಾಸ ಸ್ವೀಕರಿಸುವವನು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು, ಹಳೆಯ ಹೆಸರನ್ನು ಬಿಟ್ಟು ವಂಶದ ಸಾಲಿನಿಂದ ಹೊರಗೆ ನಡೆಯುತ್ತಾನೆ. ಮನೆತನದ ಹಿರಿಮೆಯನ್ನು ಸಾರಲೆಂದು ವಂಶಾವಳಿ ಬರೆಯುವವರಿಗೆ ಈ ಆಕ್ಷೇಪ ಪೂರ್ತಿಯಾಗಿ ತಗಲುತ್ತದೆ, ತಗಲಲೂಬೇಕು. ಪ್ರಾಮಾಣಿಕವಾದ ಶೋಧನೆ ನಡೆದಲ್ಲಿ ಮಾತ್ರ ಪರಿಸ್ಥಿತಿ ತಿರುಗುತ್ತದೆ: ದತ್ತು ಬಂದವರು, ಸಾಲಕ್ಕೆ ಊರು ಬಿಟ್ಟವರು, ಜಾತಿ ಮೀರಿ ಮದುವೆಯಾದುದಕ್ಕೆ ಹೆಸರು ಅಳಿಸಲ್ಪಟ್ಟವರು, ಮನೆಯ ಜೀತಕ್ಕೆ ದುಡಿದವರು ಒಬ್ಬೊಬ್ಬರಾಗಿ ಹೊರಬಂದಂತೆ ಕುಲದ ಶುದ್ಧಿಯ ಕಥೆ ತಾನೇ ಕುಸಿಯುತ್ತದೆ. ಮಹಾಲಯದ ತರ್ಪಣದಲ್ಲಿ ರಕ್ತಸಂಬಂಧವಿಲ್ಲದ ಗುರು, ಸ್ನೇಹಿತರಿಗೂ ‘ಕಾರುಣ್ಯ ಪಿತೃ’ಗಳೆಂದು ನೀರು ಬಿಡುವ ಪದ್ಧತಿ ಇರುವಾಗ, ಬರೆಯುವ ವಂಶಾವಳಿ ಆ ತರ್ಪಣಕ್ಕಿಂತ ಸಂಕುಚಿತವಾಗಿರಲು ಕಾರಣವಿಲ್ಲ.

ಸತ್ತವರು ಮುಚ್ಚಿಟ್ಟದ್ದನ್ನು ತೆರೆಯುವ ಅಧಿಕಾರ ಯಾರಿಗಿದೆ ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ಆತ್ಮಹತ್ಯೆ, ಬಿಟ್ಟುಹೋದ ಗಂಡ, ಸೆರೆವಾಸ ಇಂಥವನ್ನು ಬರೆದಿಡದಿದ್ದರೆ ಇತಿಹಾಸ ಸುಳ್ಳಾಗುತ್ತದೆ. ಎಲ್ಲರ ಮುಂದೆ ಓದಿದರೆ ಬದುಕಿರುವವರು ನೋಯುತ್ತಾರೆ. ಬರೆದಿಟ್ಟು, ಆ ವ್ಯಕ್ತಿಗೆ ಅತ್ಯಂತ ಹತ್ತಿರದವರು ಒಪ್ಪುವವರೆಗೆ ಹಂಚದಿರುವುದು ನ್ಯಾಯವಾದ ದಾರಿ. ಮರೆಮಾಡುವುದು ಒಂದು ತಲೆಮಾರಿನ ಅವಶ್ಯಕತೆಯಾಗಿರಬಹುದು, ನಾಶಮಾಡುವುದು ಯಾರ ಅಧಿಕಾರವೂ ಅಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ನ್ಯಾಯ ಇನ್ನೂ ದೂರವಿದೆ. ಮದುವೆಯೊಂದಿಗೆ ಗೋತ್ರ ಬದಲಾಗಿ, ಕೆಲವೆಡೆ ಹೆಸರೂ ಬದಲಾಗಿ, ಹುಟ್ಟಿದ ಮನೆಯ ವಂಶಾವಳಿಯಲ್ಲಿ ಒಂದು ಗೀಟಾಗಿ ನಿಂತು, ಸೇರಿದ ಮನೆಯ ವಂಶಾವಳಿಯಲ್ಲಿ ಗಂಡನ ಹೆಸರಿನ ಪಕ್ಕದ ಮಾತಾಗಿ ಉಳಿಯುವ ಆಕೆಯ ಹಿಂದಿನ ತಲೆಮಾರುಗಳು ಎರಡು ಕಡೆಯವರು ಒಟ್ಟಿಗೆ ಕೂತರಷ್ಟೇ ಸಿಗುತ್ತವೆ. ಆದ್ದರಿಂದ ಇಂಥ ಕೂಟಕ್ಕೆ ದಾಯಾದಿಗಳನ್ನು ಮಾತ್ರ ಕರೆಯುವ ರೂಢಿಯನ್ನು ಬಿಟ್ಟು, ಅಜ್ಜಿಯ ತವರಿನವರು, ಮುತ್ತಜ್ಜಿಯ ತವರಿನವರು ಯಾರಾದರೂ ಉಳಿದಿದ್ದರೆ ಅವರಿಗೆ ಮೊದಲು ಹೇಳಿಕಳಿಸಬೇಕು. ಬರುವಾಗ ಅವರ ಮನೆಯ ಮುಯ್ಯಿ ಪುಸ್ತಕವನ್ನೂ ತರಲು ಕೇಳಿಕೊಳ್ಳಬೇಕು.