ಆಪ್ತರು ಹೇಳಿದ್ದು

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ಎತ್ತಿಡುವಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಚಾಮರಾಜನಗರದ ಕಡೆಯ ಹೆಣ್ಣುಮಗಳ ದನಿ.

"ಅಕ್ಕ, ಥೆರಪಿಗೆ ಬರೋರೊಬ್ರು ನಿಮ್ ನಂಬರ್ ಕೊಟ್ರು. ನನ್ ಮಗಂಗೆ ಮೂರೂವರೆ ವರ್ಸ. ಆಟಿಸಂ ಅಂದ್ಬುಟ್ರು ಡಾಕ್ಟ್ರು. ಇನ್ನೊಂದ್ ಕಡೆ ಸ್ಟೆಮ್ ಸೆಲ್ ಹಾಕ್ತೀವಿ, ಸರಿಹೋಯ್ತಾನೆ ಅಂತವ್ರೆ. ದುಡ್ಡಿಗೆ ಹೊಲ ಮಾರ್ಬೇಕು. ಮಾರ್ಲಾ ಅಕ್ಕ?"

ನಾನು ಡಾಕ್ಟರಲ್ಲ. ಹನ್ನೆರಡು ವರ್ಷದ ಮಗನ ತಾಯಿ, ಅಷ್ಟೇ. ಆಕೆಯನ್ನು ಒಂದು ಸಲವೂ ನೋಡಿದವಳಲ್ಲ. ಆದರೂ ನಾನು ಹೂಂ ಅಂದರೆ ಹೊಲ ಹೋಗುತ್ತೆ, ಉಹೂಂ ಅಂದರೆ ಉಳಿಯುತ್ತೆ. ಇಷ್ಟು ದೊಡ್ಡ ಮಾತನ್ನು ಯಾವ ಅಧಿಕಾರದ ಮೇಲೆ ಆಡೋದು?

ಅಳುಕಿದ್ದಕ್ಕೆ ಕಾರಣ ಇದೆ. ಹಿಂದೆ ಒಮ್ಮೆ ಆಡಿದ್ದೆ.

ನನ್ನ ಮಗನಿಗೆ ಎರಡೂವರೆ ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಚಪ್ಪಲಿಗಳನ್ನು ಸಾಲಾಗಿ ಜೋಡಿಸೋದು, ತಿರುಗುವ ಫ್ಯಾನ್ ನೋಡುತ್ತಾ ಮಲಗೋದು. "ಗಂಡು ಮಕ್ಕಳು ಮಾತಾಡೋದು ತಡ ಕಣೇ", "ಬಜೆ ತೇದು ನಾಲಿಗೆಗೆ ತಿಕ್ಕು", "ನೀನು ಕೆಲಸಕ್ಕೆ ಹೋಗೋದು ಬಿಟ್ಟರೆ ಸರಿಹೋಗ್ತಾನೆ" ಅಂತ ಮನೆಮಂದಿಯೆಲ್ಲ ಹೇಳಿದರು. ಹೇಳಿದವರೆಲ್ಲ ನನ್ನ ಒಳ್ಳೇದನ್ನೇ ಬಯಸಿದವರು. ಅವರ ಮಾತು ಕೇಳಿ ಒಂದು ವರ್ಷ ಹೋಯಿತು.

ಕೊನೆಗೆ ಡಾಕ್ಟರು ಆಟಿಸಂ ಅಂದಾಗ, ದೂರದ ಊರಿನ ಒಂದು ಕಡೆ ಆರು ತಿಂಗಳ ಪ್ಯಾಕೇಜಿಗೆ ದುಡ್ಡು ಕಟ್ಟಿದೆವು. ಹಾಲಿಲ್ಲ, ಗೋಧಿಯಿಲ್ಲ, ದಿನಕ್ಕೆ ಒಂಬತ್ತು ಮಾತ್ರೆ. ಮೂರನೇ ತಿಂಗಳಲ್ಲಿ ಮಗ "ನೀರು" ಅಂದ. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಮಾರನೇ ದಿನವೇ ಥೆರಪಿ ಸೆಂಟರಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಇನ್ನೊಬ್ಬ ತಾಯಿಗೆ ಹೇಳಿದೆ, "ಹೋಗಿ, ಖಂಡಿತ ಗುಣ ಕಾಣುತ್ತೆ."

ಆಕೆ ಬಳೆ ಅಡ ಇಟ್ಟು ಹೋದರು. ಅವರ ಮಗು ಸೊರಗಿತೇ ಹೊರತು ಮಾತಾಡಲಿಲ್ಲ. ದುಡ್ಡಿಲ್ಲದೆ ಸ್ಪೀಚ್ ಥೆರಪಿಯನ್ನೂ ಬಿಡಿಸಿದರು. ಒಂದು ದಿನ ಬಸ್‌ಸ್ಟಾಂಡಿನಲ್ಲಿ ಸಿಕ್ಕಾಗ ಬೈಯಲಿಲ್ಲ. "ನೀವು ಹೇಳಿದ್ರಲ್ಲ, ಅದಕ್ಕೇ ಹೋದ್ವಿ" ಅಂದರು, ಅಷ್ಟೇ.

ನಾನು ಸುಳ್ಳು ಹೇಳಿದೆನಾ? ಇಲ್ಲ. ನಂಬಿದ್ದನ್ನೇ ಹೇಳಿದೆ. ಹಾಗಾದರೆ ತಪ್ಪಿಲ್ಲವಾ? ಈ ಪ್ರಶ್ನೆ ಇಷ್ಟು ವರ್ಷ ನನ್ನನ್ನು ಕೊರೆದಿದೆ.

ಆಮೇಲೆ ಓದಿದ ಒಂದು ಸಂಗತಿ ಕಣ್ಣು ತೆರೆಸಿತು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಸೀಕ್ರಿಟಿನ್ ಎಂಬ ಹಾರ್ಮೋನಿನ ಸುದ್ದಿ ಹಬ್ಬಿತು. ಹೊಟ್ಟೆಯ ಪರೀಕ್ಷೆಗೆಂದು ಅದನ್ನು ಕೊಟ್ಟಮೇಲೆ ಒಬ್ಬ ಹುಡುಗ ಚುರುಕಾದ ಅಂತ ಟೀವಿಯಲ್ಲಿ ಬಂತು. ತಂದೆತಾಯಂದಿರು ಮುಗಿಬಿದ್ದರು. 1999ರಲ್ಲಿ 60 ಮಕ್ಕಳನ್ನು ಸೇರಿಸಿಕೊಂಡು ಪರೀಕ್ಷೆ ನಡೆಯಿತು. ಅರ್ಧ ಮಕ್ಕಳಿಗೆ ಸೀಕ್ರಿಟಿನ್, ಅರ್ಧ ಮಕ್ಕಳಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್. ಯಾರಿಗೆ ಯಾವುದು ಅಂತ ತಂದೆತಾಯಿಗೂ ಗೊತ್ತಿಲ್ಲ. ಎರಡೂ ಗುಂಪಿನಲ್ಲಿ ಕೆಲವು ಮಕ್ಕಳು ಸುಧಾರಿಸಿದ್ದರು, ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ. ಅಂದರೆ ಉಪ್ಪುನೀರು ಹಾಕಿದ ಮಗುವೂ ಆ ತಿಂಗಳು ಒಂದು ಮೆಟ್ಟಿಲು ಹತ್ತಿತ್ತು. ಮಕ್ಕಳು ಬೆಳೀತಾರೆ, ಅದಕ್ಕೆ. ನನ್ನ ಮಗನ "ನೀರು" ಎಲ್ಲಿಂದ ಬಂದಿರಬಹುದು ಅಂತ ಅವತ್ತು ಹೊಳೆಯಿತು.

ಇನ್ನೂ ತಟ್ಟಿದ್ದು ಮುಂದಿನದು. ಫಲಿತಾಂಶ ತಿಳಿಸಿದ ಮೇಲೂ ಆ ತಂದೆತಾಯಂದಿರಲ್ಲಿ ಶೇಕಡ 69 ಮಂದಿ, ಸೀಕ್ರಿಟಿನ್ ಮೇಲೆ ಆಸಕ್ತಿ ಇದೆ ಅಂತಲೇ ಹೇಳಿದರು. ಅವರನ್ನು ದಡ್ಡರು ಅನ್ನಲಾರೆ. ಬಳೆ ಅಡ ಇಟ್ಟವರ ಹೊಟ್ಟೆಯ ಸಂಕಟ ನನಗೆ ಗೊತ್ತು.

ಹಾಗಾದರೆ ಯಾರನ್ನು ನಂಬೋದು? ನಮ್ಮ ನ್ಯಾಯಶಾಸ್ತ್ರದಲ್ಲಿ ಒಂದು ಮಾತಿದೆ: ಆಪ್ತನ ಮಾತು ಪ್ರಮಾಣ. ನಾವು ಕನ್ನಡದಲ್ಲಿ ಆಪ್ತ ಅಂದರೆ ಹತ್ತಿರದವರು, ಬೇಕಾದವರು ಅಂತೀವಿ. ಶಾಸ್ತ್ರದ ಆಪ್ತ ಬೇರೆ. ವಿಷಯವನ್ನು ತಾನು ಸರಿಯಾಗಿ ಕಂಡುಕೊಂಡವನು, ಕಂಡದ್ದನ್ನು ಕಂಡ ಹಾಗೇ ಹೇಳಬೇಕೆಂಬ ಆಸೆ ಇರುವವನು. ಭಾಷ್ಯ ಬರೆದ ವಾತ್ಸ್ಯಾಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಋಷಿಯಾಗಲಿ ಮ್ಲೇಚ್ಛನಾಗಲಿ ಈ ಲಕ್ಷಣ ಒಂದೇ ಅಂತಾನೆ. ಅಂದರೆ ಕುಲ, ಪದವಿ, ಗಡ್ಡ, ಬಿಳಿ ಕೋಟು ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಕಷ್ಟ ಇರೋದೇ ಇಲ್ಲಿ. ಒಂದು ಅರ್ಥದ ಆಪ್ತರ ಮಾತನ್ನು ಇನ್ನೊಂದು ಅರ್ಥದ ಆಪ್ತರ ಮಾತು ಅಂದುಕೊಳ್ತೀವಿ. ಆ ತಾಯಿಗೆ ನಾನು ಮೊದಲನೇ ಅರ್ಥದಲ್ಲಿ ಆಪ್ತೆ. ಎರಡನೇ ಅರ್ಥದಲ್ಲಿ ಅಲ್ಲ. ಬಯಕೆ ಒಳ್ಳೇದಿತ್ತು, ತಿಳಿವು ಇರಲಿಲ್ಲ. ತಿಳಿದಿಲ್ಲ ಅಂತ ಹೇಳದೆ "ಖಂಡಿತ" ಅಂದೆನಲ್ಲ, ತಪ್ಪು ಅದೇ.

"ಸರಿ, ಡಾಕ್ಟರು ಹೇಳಿದ್ದು ಕೇಳಿದರಾಯ್ತು" ಅನ್ನಬಹುದು ನೀವು. ಅದೂ ಅಷ್ಟು ಸಲೀಸಲ್ಲ. 1943ರಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದು ಆಟಿಸಂಗೆ ಒಂದು ರೂಪ ಕೊಟ್ಟ. ಆಮೇಲೆ ದಶಕಗಟ್ಟಲೆ ದೊಡ್ಡದೊಡ್ಡವರು ತಾಯಿಯ ಪ್ರೀತಿ ತಣ್ಣಗಾಗಿದ್ದೇ ಇದಕ್ಕೆ ಕಾರಣ ಅಂತ ಸಾಧಿಸಿದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಆ ಧಾಟಿಯ ಪುಸ್ತಕವನ್ನೇ ಬರೆದ. ನಮ್ಮನೆಯ "ಕೆಲಸ ಬಿಡು" ಎಂಬ ಮಾತಿಗೆ ಅಮೆರಿಕದಲ್ಲೂ ನೆಂಟರಿದ್ದರು ಅನ್ನಿ. ಅದು ತಪ್ಪು, ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಅಂತ 1964ರಲ್ಲೇ ವಾದಿಸಿದವನು ಬರ್ನಾರ್ಡ್ ರಿಮ್ಲಂಡ್, ಆಟಿಸಂ ಇದ್ದ ಹುಡುಗನ ತಂದೆ. ಅದೇ ರಿಮ್ಲಂಡ್ ಮುಂದೆ ಸೀಕ್ರಿಟಿನ್ ಪರವಾಗಿಯೂ ನಿಂತ! ಒಂದು ಸಲ ಸರಿಯಾದವನು ಎಲ್ಲ ಸಲವೂ ಸರಿಯಾಗಬೇಕಿಲ್ಲ.

ಲಸಿಕೆಯ ಕತೆ ಗೊತ್ತೇ ಇದೆ. 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ 12 ಮಕ್ಕಳ ಮೇಲಿನ ಲೇಖನದಿಂದ ಎಂಎಂಆರ್ ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದ. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವನ ಹೆಸರೂ ಹೋಯಿತು. 2019ರಲ್ಲಿ ಡೆನ್ಮಾರ್ಕಿನವರು ಆರೂವರೆ ಲಕ್ಷ ಮಕ್ಕಳ ಲೆಕ್ಕ ತೆಗೆದು ನೋಡಿದರು, ನಂಟು ಸಿಗಲಿಲ್ಲ. ಆ ಭಯ ಮಾತ್ರ ಇನ್ನೂ ಹೋಗಿಲ್ಲ.

ಹಾಗಾಗಿ ಈಗ ನಾನು ಮನುಷ್ಯರನ್ನಲ್ಲ, ಅವರ ಮಾತಿನ ನಡತೆಯನ್ನು ನೋಡ್ತೀನಿ. ಗ್ಯಾರಂಟಿ ಕೊಡ್ತಾರಾ? ಇಂತಿಷ್ಟು ತಿಂಗಳು ಅಂತಾರಾ? ಕೊಟ್ಟ ಮಕ್ಕಳನ್ನೂ ಕೊಡದ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರಾ? ಗುಣ ಕಾಣದಿದ್ದರೆ ಏನು ಹೇಳ್ತಾರೆ? "ನೀವೇ ಪಥ್ಯ ಸರಿಯಾಗಿ ಮಾಡಿಲ್ಲ" ಅನ್ನುವವರಿಂದ ದೂರ. "ಇದು ನಮಗೂ ಗೊತ್ತಿಲ್ಲ, ನೋಡೋಣ" ಅನ್ನುವವರ ಹತ್ತಿರ ಸ್ವಲ್ಪ ಹೊತ್ತು ಕೂರಬಹುದು.

ಫೋನಿನಲ್ಲಿ ಆಕೆಗೆ ಹೇಳಿದೆ. "ಹೊಲ ಮಾರಬೇಡವ್ವ. ಆಟಿಸಂಗೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಅಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಅದನ್ನು ಕೆಲವು ರಕ್ತದ ಕಾಯಿಲೆಗಳಿಗೆ ಬಿಟ್ಟರೆ ಉಳಿದದ್ದಕ್ಕೆ ಪ್ರಯೋಗ ಅಂತಲೇ ಇಟ್ಟಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಅಲ್ಲಿ ತೋರಿಸು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. 2016ರ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕು. ಅದಾದ ಮೇಲೆ ನಿರಾಮಯ ಅಂತ ವಿಮೆ, ಒಂದು ಲಕ್ಷದವರೆಗೆ, ಥೆರಪಿಗೂ ಆಗುತ್ತೆ."

"ಸರಿಹೋಯ್ತಾನಾ ಅಕ್ಕ?"

"ಬೆಳೀತಾನೆ. ಕಲೀತಾನೆ. ಎಷ್ಟು ಅಂತ ಈಗಲೇ ಯಾರೂ ಹೇಳಕ್ಕಾಗಲ್ಲ. ಆಟಿಸಂ ಹೋಗಲ್ಲ."

ಅಳು ಕೇಳಿಸಿತು. ಈ ನಿಜ ಹೇಳೋದು ಕ್ರೌರ್ಯವಾ? ಹೇಳಿ ಫೋನಿಟ್ಟುಬಿಟ್ಟರೆ ಹೌದು. ಇಡಲಿಲ್ಲ. ನನ್ನ ಮಗ ಚಿತ್ರ ತೋರಿಸಿ ದೋಸೆ ಕೇಳೋದು, ಅಕ್ಕಿ ತೊಳೆದು ಕೊಡೋದು, ರೈಲಿನ ಸದ್ದಿಗೆ ಕುಣಿಯೋದು ಎಲ್ಲ ಹೇಳಿದೆ. ಆಕೆಯ ಮಗನಿಗೆ ಏನಿಷ್ಟ ಅಂತ ಕೇಳಿದೆ. ತುಸು ಹೊತ್ತು ಬಿಟ್ಟು, "ನೀರು ಸುರಿಯೋದು ಅಂದ್ರೆ ಪ್ರಾಣ" ಅಂದಳು. ನಕ್ಕಳು ಕೂಡ. ಮುಂದಿನ ಬುಧವಾರ ಮೈಸೂರಿಗೆ ಬರ್ತಾಳೆ. ಜೊತೆಗೆ ಹೋಗ್ತೀನಿ ಅಂದಿದ್ದೀನಿ.

ಬಳೆ ಅಡ ಇಟ್ಟ ಆ ತಾಯಿಯನ್ನು ಹೋದ ವರ್ಷ ಹುಡುಕಿಕೊಂಡು ಹೋಗಿದ್ದೆ. "ಗೊತ್ತಿಲ್ಲದೇ ಹೇಳಿದೆ, ತಪ್ಪಾಯ್ತು" ಅಂದೆ. ಕಾಫಿ ಲೋಟ ಕೈಗಿಟ್ಟು, ತುಂಬ ಹೊತ್ತು ಸುಮ್ಮನಿದ್ದು ಹೇಳಿದರು:

"ಗುಣ ಕಾಣೋಕೆ ಮುಂಚೇನೇ ನಾನೂ ಇಬ್ಬರಿಗೆ ಹೇಳಿಬಿಟ್ಟಿದ್ದೆ ಕಣ್ರೀ. ಅವರ ಮನೆಗೆ ಹೋಗೋಕೆ ನನಗಿನ್ನೂ ಧೈರ್ಯ ಬಂದಿಲ್ಲ."