ಉತ್ಸವದ ಯಜಮಾನಿಕೆ: ಕಲಬುರಗಿ ಸೀಮೆಯ ಒಂದು ವಿಚಾರ

ಜಾತ್ರೆ ಊರಿಗೆಲ್ಲ ಸೇರಿದ್ದು. ಅದರ ಸಂಕಲ್ಪ, ಖರ್ಚು, ಮುಂದಾಳ್ತನಗಳು ಮಾತ್ರ ಬಹಳ ಕಡೆ ಒಂದೇ ಮನೆತನದ ಪಾಲಿಗೆ ಬಂದಿರುತ್ತವೆ. ಆ ಕರ್ಮದ ಫಲ ಯಾರದು, ಆ ಮನೆತನ ದೇವರ ಮುಂದೆ ಒಡೆಯನಾಗಿ ನಿಂತಿದೆಯೋ ಆಳಾಗಿ ನಿಂತಿದೆಯೋ ಎಂಬ ಪ್ರಶ್ನೆಗೆ ಹಿಂದೂ ಸಂಪ್ರದಾಯ ಒಂದೇ ಉತ್ತರ ಕೊಟ್ಟಿಲ್ಲ.

ವೇದದ ಕರ್ಮವಿಚಾರ ಮಾಡುವ ಮೀಮಾಂಸಕರ ಉತ್ತರ ಖಚಿತವಾದದ್ದು. ಸಂಕಲ್ಪ ಮಾಡಿ ದ್ರವ್ಯ ಕೊಟ್ಟವನು ಯಜಮಾನ, ಫಲ ಅವನದು. ಮಂತ್ರ ಹೇಳಿದ ಋತ್ವಿಜರಿಗೆ ದಕ್ಷಿಣೆ ಸಂದರೆ ಅವರ ಲೆಕ್ಕ ಮುಗಿಯಿತು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯ ಗಂಡಹೆಂಡತಿ ಇಬ್ಬರಿಗೂ ಕೂಡಿಯೇ ಅಧಿಕಾರವಿದೆ ಎಂದು ಸಾಧಿಸುತ್ತದೆ. ಹೀಗಾಗಿ ಯಜಮಾನನೆಂದರೆ ಒಬ್ಬ ಗಂಡಸಲ್ಲ, ಒಂದು ಸಂಸಾರ. ಇಂದಿಗೂ ಸೇವೆ ಮಾಡಿಸುವ ಮನೆಯವರ ಹೆಸರು, ಗೋತ್ರ, ನಕ್ಷತ್ರಗಳನ್ನು ಅರ್ಚಕರು ಓದುವುದು ಈ ನಿಯಮದ ಉಳಿಕೆಯೇ. ಆದರೆ ಶೈವಾಗಮಗಳು ತನಗಾಗಿ ಮಾಡುವ ಆತ್ಮಾರ್ಥ ಪೂಜೆಯನ್ನೂ ಲೋಕಕ್ಕಾಗಿ ನಡೆಯುವ ಪರಾರ್ಥ ಪೂಜೆಯನ್ನೂ ಬೇರೆಬೇರೆಯಾಗಿ ಇಟ್ಟಿವೆ. ಗುಡಿಯ ಉತ್ಸವ ಎರಡನೆಯ ಬಗೆಯದು. ಒಂದು ಮನೆತನ ಊರ ಉತ್ಸವವನ್ನು ಹೊತ್ತುಕೊಂಡಾಗ ಈ ಎರಡರ ನಡುವಿನ ಗೆರೆ ಮಸುಕಾಗುತ್ತದೆ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ಒಕ್ಕಲುತನದ ಗೃಹಸ್ಥರಾಗಿದ್ದವರು. ಹೊಲದ ಬೆಳೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟರೆಂಬ ಕಥೆ ಈ ಸೀಮೆಯಲ್ಲಿ ಮನೆಮಾತು. ಅವರು ಕಲಬುರಗಿಗೆ ಬಂದು ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದರು. ಗುಡಿಯ ಗರ್ಭಗೃಹದಲ್ಲಿರುವುದು ಅವರ ಸಮಾಧಿ. ಅದರ ಮೇಲೆ ಗುರು ಮರುಳಾರಾಧ್ಯರ ಮತ್ತು ಶಿಷ್ಯನ ಮುಖಗಳು ಜೋಡಿಯಾಗಿವೆ. ವಿರಕ್ತ ಮಠಗಳಲ್ಲಿ ಪೀಠ ಗುರುವಿನಿಂದ ಸನ್ಯಾಸಿ ಶಿಷ್ಯನಿಗೆ ಹೋಗುತ್ತದೆ. ಇಲ್ಲಿ ಪೀಠಾಧಿಪತಿ ಸಂಸಾರಿ ಮನೆತನದವರು. ಜನ ಅವರನ್ನು ‘ಅಪ್ಪ’ ಎನ್ನುತ್ತಾರೆ, ಅವರ ನಿವಾಸಕ್ಕೆ ದಾಸೋಹ ಮಹಾಮನೆ ಎಂದು ಹೆಸರು. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯೂ ಜಂಗಮರಿಗೆ ಬಾಗಿಲು ತೆರೆದಿಟ್ಟ ಗೃಹಸ್ಥನ ಮನೆಯೇ ಆಗಿತ್ತು.

ಹೋಳಿಯ ನಂತರದ ಐದನೆಯ ದಿನ ತೇರು, ಅದರ ಹಿಂದಿನ ಸಂಜೆ ಉಚ್ಚಾಯಿ ಎಂಬ ಚಿಕ್ಕ ತೇರು. ತೇರು ಎಳೆಯುವ ಮುನ್ನ ಪೀಠಾಧಿಪತಿ ಸಾಂಪ್ರದಾಯಿಕ ಉಡುಪು ತೊಟ್ಟು ಪರುಸ ಬಟ್ಟಲನ್ನು ಜನರಿಗೆ ಎತ್ತಿ ತೋರಿಸುತ್ತಾರೆ. ಶರಣರ ಪ್ರಸಾದದ ಬಟ್ಟಲೆಂದು ನಂಬುವ ಅದರ ದರ್ಶನ ವರ್ಷಕ್ಕೊಮ್ಮೆ ಮಾತ್ರ. ಆಮೇಲೆ ಲಕ್ಷಾಂತರ ಜನ ಬಾಳೆಹಣ್ಣು, ಉತ್ತತ್ತಿ ತೂರುತ್ತ ತೇರೆಳೆಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಬಟ್ಟಲು. ಪೀಠಾಧಿಪತಿ ಈ ಹೊತ್ತಿನಲ್ಲಿ ಎತ್ತಿ ಹಿಡಿಯುವುದು ಒಡೆತನದ ಗುರುತಾದ ಕತ್ತಿಯನ್ನಾಗಲಿ ಕಿರೀಟವನ್ನಾಗಲಿ ಅಲ್ಲ, ಉಣ್ಣುವ ಪಾತ್ರೆಯನ್ನು. ಉತ್ಸವದ ಯಜಮಾನ ಮೊದಲು ಪ್ರಸಾದ ಪಡೆದವನು, ಆಮೇಲೆ ಬಡಿಸುವವನು ಎಂದು ಈ ಆಚರಣೆಯನ್ನು ಓದಿಕೊಳ್ಳಬಹುದು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿದೆ. ದಾನದಲ್ಲಿ ಕೊಡುವವನು ಮೇಲೆ, ಕೈಯೊಡ್ಡುವವನು ಕೆಳಗೆ. ಪುಣ್ಯ ಕೊಟ್ಟವನ ಖಾತೆಗೆ ಹೋಗುತ್ತದೆ. ಪ್ರತಿಫಲ ಬಯಸದ ದಾನವನ್ನು ಗೀತೆ ಸಾತ್ತ್ವಿಕವೆಂದು ಎತ್ತಿಹಿಡಿದರೂ ದಾನಿಯ ಸ್ಥಾನ ಅಲ್ಲಿ ಅಲುಗುವುದಿಲ್ಲ. ಬಸವಣ್ಣ ಮೊದಲಾದ ಶರಣರ ವಿಚಾರದಲ್ಲಿ ದುಡಿದದ್ದು ಮೊದಲೇ ಗುರು, ಲಿಂಗ, ಜಂಗಮಕ್ಕೆ ಸೇರಿದ್ದು. ಮನೆಯವನು ಅದನ್ನು ತಲುಪಿಸಿ, ಉಳಿದದ್ದನ್ನು ಪ್ರಸಾದವೆಂದು ಉಣ್ಣುತ್ತಾನೆ. ಷಟ್‌ಸ್ಥಲದ ಆರು ಮೆಟ್ಟಿಲುಗಳಲ್ಲಿ ಮೂರನೆಯದೇ ಪ್ರಸಾದಿ.

ಇಷ್ಟು ಹೇಳಿದರೂ ತೊಡಕು ಉಳಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರವನ್ನು ಬದಿಗಿಟ್ಟು ಅಂಗೈಯ ಲಿಂಗವನ್ನು ಹಿಡಿದವರು, ಹುಟ್ಟಿನ ಹಿರಿಮೆಯನ್ನು ನಿರಾಕರಿಸಿದವರು. ಅವರ ಪರಂಪರೆಯಲ್ಲೇ ಗುಡಿ, ತೇರು, ತಂದೆಯಿಂದ ಮಗನಿಗೆ ಬರುವ ಪೀಠ ಹೇಗೆ ಒಪ್ಪುತ್ತವೆ? ಗುಡಿಯಲ್ಲಿರುವುದು ದೇವರ ಪ್ರತಿಷ್ಠೆಯಲ್ಲ, ಶರಣರ ಗದ್ದುಗೆ ಎಂದು ಮೊದಲ ಆಕ್ಷೇಪಕ್ಕೆ ಉತ್ತರ ಹೇಳಬಹುದು. ವಂಶದ ಪ್ರಶ್ನೆಗೆ ಅಷ್ಟು ಸುಲಭದ ಉತ್ತರವಿಲ್ಲ. ಎಂಟನೆಯ ಪೀಠಾಧಿಪತಿ ಡಾ. ಶರಣಬಸವಪ್ಪ ಅಪ್ಪ 2025ರ ಆಗಸ್ಟ್ 14ರಂದು ಲಿಂಗೈಕ್ಯರಾದ ಮೇಲೆ ಒಂಬತ್ತನೆಯ ಪೀಠಾಧಿಪತಿಯಾಗಿ ಬಂದವರು ಅವರ ಬಾಲಕ ಮಗ. ಯೋಗ್ಯತೆ ಸಾಧನೆಯಿಂದ ಬರಬೇಕೆನ್ನುವವರಿಗೆ ಇದು ಒಪ್ಪಿಗೆಯಾಗದು. ಆದರೆ ದಾಸೋಹದ ತರ್ಕದಲ್ಲೇ ನಡೆದರೆ ವಂಶಕ್ಕೆ ಬಂದದ್ದು ಅಧಿಕಾರವಲ್ಲ, ಹೊರೆ. ಒಲೆ ಆರದಂತೆ ನೋಡಿಕೊಳ್ಳುವ ಕೆಲಸವನ್ನು ಒಂದು ಮನೆ ತಲೆಮಾರುಗಟ್ಟಲೆ ಹೊತ್ತಿದೆ. ಈ ಮಾತನ್ನು ಆ ಮನೆ ಏನು ಮಾಡಿದೆ ಎಂಬುದರಿಂದಲೇ ತೂಗಬೇಕು. ನಿಜಾಮರ ಆಳ್ವಿಕೆಯಲ್ಲಿ, 1934ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘ ಶುರುವಾದದ್ದೂ ಹೆಣ್ಣುಮಕ್ಕಳ ಶಾಲೆ ನಡೆದದ್ದೂ ಏಳನೆಯ ಪೀಠಾಧಿಪತಿ ದೊಡ್ಡಪ್ಪ ಅಪ್ಪ ಅವರ ಕಾಲದಲ್ಲಿ. ಅದೇ ಸಂಘದಿಂದ 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ ಬಂತು. ಸಂತರ ಸಮಾಧಿಯನ್ನು ಮನೆತನವೊಂದು ನೋಡಿಕೊಳ್ಳುವ ರೂಢಿ ಈ ನಗರಕ್ಕೆ ಹೊಸದೂ ಅಲ್ಲ. 1422ರಲ್ಲಿ ತೀರಿಕೊಂಡ ಸೂಫಿ ಸಂತ ಬಂದೇನವಾಜರ ದರ್ಗಾದ ಉರುಸನ್ನೂ ಅವರ ವಂಶದ ಸಜ್ಜಾದಾ ನಶೀನರೇ ನಡೆಸುತ್ತ ಬಂದಿದ್ದಾರೆ.

ಇದೇ ಜಿಲ್ಲೆಯ ಗಾಣಗಾಪುರದಲ್ಲಿ ಪ್ರಶ್ನೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಭೀಮಾ ಮತ್ತು ಅಮರ್ಜಾ ಕೂಡುವ ಆ ಕ್ಷೇತ್ರದಲ್ಲಿ ಮಧ್ಯಾಹ್ನದ ಹೊತ್ತು ಮಧುಕರಿ ನಡೆಯುತ್ತದೆ. ಭಕ್ತರು ಐದು ಮನೆ ಬೇಡುತ್ತಾರೆ; ಅನ್ನ ಬಡಿಸುವ ಸಂಸಾರಗಳು ಬೇಡುವವರ ಸಾಲಿನಲ್ಲಿ ದತ್ತಾತ್ರೇಯನೂ ಇದ್ದಾನೆಂದು ನಂಬುತ್ತವೆ. ಉಣ್ಣುತ್ತಿರುವವನೇ ದೇವರಿರಬಹುದಾದಾಗ ಉಪಕಾರ ಯಾರಿಗೆ ಯಾರಿಂದ ಎಂದು ಹೇಳುವುದು ಕಷ್ಟ. ಮೂರು ಜನಕ್ಕಾಗುವಷ್ಟು ಅಕ್ಕಿ ಬೇಳೆ ಕಟ್ಟಿಕೊಂಡು ಬಂದ ಭಾಸ್ಕರನೆಂಬ ಬಡ ಬ್ರಾಹ್ಮಣನ ಕಥೆ ಗುರುಚರಿತ್ರೆಯಲ್ಲಿದೆ. ಅಲ್ಲಿದ್ದ ಗುರು ನರಸಿಂಹ ಸರಸ್ವತಿಯವರು ಅಷ್ಟರಲ್ಲೇ ಸಾವಿರಾರು ಜನರಿಗೆ ಊಟ ಮಾಡಿಸಿದರು. ಸಂಕಲ್ಪ ಭಾಸ್ಕರನದು, ಅಡುಗೆಯೂ ಅವನದು. ಸಂತರ್ಪಣೆ ಮಾತ್ರ ಅವನ ಕೈ ಮೀರಿದ್ದು. ಫಲವನ್ನು ದ್ರವ್ಯ ಕೊಟ್ಟವನಿಗೆ ಸಲ್ಲಿಸುವ ಮೀಮಾಂಸಕರ ಲೆಕ್ಕ ಈ ಕಥೆಗೆ ಸಾಲುವುದಿಲ್ಲ.

ಮನೆತನದ ಯಜಮಾನಿಕೆಗೆ ಇನ್ನೊಂದು ತೊಡಕೂ ಇದೆ: ಆಸ್ತಿ ಪಾಲಾದಾಗ ಪೂಜೆಯ ಹಕ್ಕೂ ಅಣ್ಣತಮ್ಮಂದಿರ ನಡುವೆ ಪಾಳಿಗೆ ಬೀಳುತ್ತದೆ. ಕಲ್ಕತ್ತೆಯ ಮಲ್ಲಿಕ್ ಮನೆತನದಲ್ಲಿ ಒಬ್ಬ ಪಾಲುದಾರ ತನ್ನ ಪಾಳಿ ಬಂದಾಗ ಮೂರ್ತಿಯನ್ನು ತನ್ನ ಮನೆಗೆ ಒಯ್ಯುತ್ತೇನೆಂದು ಹಟ ಹಿಡಿದ ವ್ಯಾಜ್ಯ ಪ್ರಿವಿ ಕೌನ್ಸಿಲ್ಲಿನವರೆಗೆ ಹೋಯಿತು. 1925ರ ತೀರ್ಪು ಮೂರ್ತಿಯನ್ನು ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯೆಂದು ಒಪ್ಪಿ, ಅದರ ಇಚ್ಛೆಯನ್ನು ಮಂಡಿಸಲು ಈ ಜಗಳದಲ್ಲಿ ಸ್ವಾರ್ಥವಿಲ್ಲದ ಪ್ರತಿನಿಧಿ ಬೇಕೆಂದಿತು. ದೇವರು ಮನೆತನದ ಸ್ವತ್ತಲ್ಲ ಎಂಬ ಶ್ರದ್ಧೆಯ ಮಾತು ಹೀಗೆ ಕಾನೂನಿನ ಮಾತೂ ಆಯಿತು.

ಒಂದೇ ಮನೆತನದ ಯಜಮಾನಿಕೆಯ ಈ ತೊಡಕಿಗೆ ಹಳ್ಳಿಗಳು ತಮ್ಮದೇ ಪರಿಹಾರ ಕಂಡುಕೊಂಡಿವೆ. ಕಲಬುರಗಿಯಿಂದ ಹುಮನಾಬಾದ ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರವೂ ಸೇರಿದಂತೆ ಈ ಸೀಮೆಯಲ್ಲಿ ಮಾನ ಒಂದೇ ಮನೆಯಲ್ಲಿ ನಿಲ್ಲದಂತೆ ಹಂಚಿಹೋಗಿರುವ ಜಾತ್ರೆಗಳು ಹಲವು: ಕಳಸ ಒಂದು ಮನೆಯಿಂದ, ತೇರಿನ ಹಗ್ಗ ಇನ್ನೊಂದೂರಿನಿಂದ, ನಂದಿಕೋಲು ಮತ್ತೊಬ್ಬರದು, ಹುಗ್ಗಿಯ ಗೋದಿ ಯಾರ ಯಾರದೋ. ಕಮಲಾಪುರದ ಹೆಸರಾಂತ ಕೆಂಬಾಳೆ ಕೈಗೆ ಬರಲು ಹದಿನೆಂಟು ತಿಂಗಳು ಬೇಕು. ತೋಟದವನು ಅದರ ಗೊನೆಯೊಂದನ್ನು ಒಪ್ಪಿಸಿದರೆ ಒಂದೂವರೆ ವರ್ಷದ ದುಡಿಮೆಯನ್ನು ಒಪ್ಪಿಸಿದಂತೆ. ಪ್ರಸಾದದ ಬುಟ್ಟಿಗೆ ಬಿದ್ದ ಮೇಲೆ ಆ ಹಣ್ಣಿನ ಮೇಲೆ ಅವನ ಹೆಸರಿರುವುದಿಲ್ಲ. ಶ್ರಾವಣ ಸೋಮವಾರಗಳಲ್ಲಿ ಶರಣಬಸವೇಶ್ವರ ಗುಡಿಗೆ ನಡೆದು ಬರುವವರಿಗೆ ದಾರಿಯಲ್ಲಿ ಚಹಾ, ನಾಷ್ಟಾ, ಬಾಳೆಹಣ್ಣು ಹಂಚುವ ಸಂಸಾರಗಳದ್ದೂ ಸಣ್ಣ ಪ್ರಮಾಣದ ಯಜಮಾನಿಕೆಯೇ, ಸಂಕಲ್ಪವೂ ಇಲ್ಲ, ಪುರೋಹಿತನೂ ಇಲ್ಲ ಅಷ್ಟೆ. ಜಾತ್ರೆಯನ್ನು ಹೊತ್ತ ಮನೆ ಬಡವಾದರೆ ಊರವರು ಪಟ್ಟಿ ಎತ್ತಿ ಜಾತ್ರೆ ಮಾಡುತ್ತಾರೆ. ಆಗಲೂ ಮೊದಲ ಕಾಯಿ ಒಡೆಯುವ ಮಾನ ಬಹುಮಟ್ಟಿಗೆ ಹಳೆಯ ಮನೆಗೇ ಉಳಿಯುತ್ತದೆ. ವಂಶ ನಿಂತುಹೋದರೆ ದೈವದವರು, ಅಂದರೆ ಊರ ಹಿರಿಯರು, ಕೂಡಿ ಆ ಮಾನವನ್ನು ಇನ್ನೊಂದು ಮನೆಗೆ ಒಪ್ಪಿಸುತ್ತಾರೆ.