ಔಟ್‌ಬಾಕ್ಸ್‌ನಲ್ಲಿ ಮೂರು

ಅಪ್ಪನ ಹಳೇ ಕಂಪ್ಯೂಟರ್ ಇವತ್ತೋ ನಾಳೆಯೋ ಅನ್ನೋ ಸ್ಥಿತಿಗೆ ಬಂದು ಎರಡು ವರ್ಷ ಆಗಿತ್ತು. ಆನ್ ಮಾಡಿದರೆ ಹಿಟ್ಟಿನ ಗಿರಣಿ ಥರ ಸದ್ದು. ಒಳಗೆ ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಅದರ ಕೈ ಬಿಟ್ಟಿತ್ತು. ಅಪ್ಪ ಬಿಟ್ಟಿರಲಿಲ್ಲ. ಕೇಳಿದಾಗೆಲ್ಲ ಒಂದೇ ಉತ್ತರ: "ನನ್ನ ಟಪಾಲೆಲ್ಲ ಅದರಲ್ಲೇ ಇದೆಯಲ್ಲೋ."

ಮಾತು ನಿಜ. ಔಟ್‌ಲುಕ್ ಎಕ್ಸ್‌ಪ್ರೆಸ್ ಅನ್ನೋ ಪ್ರೋಗ್ರಾಮ್ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಈಗ ನಾವು ಬಳಸೋ ಐಮ್ಯಾಪ್ ಪದ್ಧತಿಯಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತೆ, ಫೋನು, ಲ್ಯಾಪ್‌ಟಾಪ್ ಎಲ್ಲ ಅದನ್ನ ನೋಡೋ ಕಿಟಕಿಗಳು ಅಷ್ಟೇ. ಹಳೇ ಪಾಪ್ ಪದ್ಧತಿ ಹಾಗಲ್ಲ. ಬಂದ ಮೇಲನ್ನ ನಿಮ್ಮ ಮಷೀನಿಗೆ ಇಳಿಸಿ, ಬೇಡ ಅಂತ ನೀವು ಹೇಳದಿದ್ದರೆ, ಸರ್ವರ್‌ನಿಂದ ಅಳಿಸಿಬಿಡುತ್ತೆ. ಅಂದರೆ ಅಪ್ಪನ ಹತ್ತು ವರ್ಷದ ಕಾಗದಪತ್ರ ಪ್ರಪಂಚದಲ್ಲಿ ಇದ್ದದ್ದು ಒಂದೇ ಕಡೆ, ಕೆ.ಆರ್.ಪುರದ ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ, ಅಮ್ಮ ಹೊಲಿದ ಹೂವಿನ ಕವರ್ ಹೊದ್ದುಕೊಂಡ ಡಬ್ಬಿಯಲ್ಲಿ.

ಒಂದು ಶನಿವಾರ ಇಂದಿರಾನಗರದಿಂದ ಮೆಟ್ರೋ ಹತ್ತಿದೆ. ಬ್ಯಾಗಲ್ಲಿ ಪೆನ್‌ಡ್ರೈವ್, ಅದರಲ್ಲಿ ಥಂಡರ್‌ಬರ್ಡ್ 52. ಎಕ್ಸ್‌ಪಿ ಮೇಲೆ ಓಡೋ ಕೊನೇ ಥಂಡರ್‌ಬರ್ಡ್ ಅದು. ಉಪಾಯ ಸರಳ. ಹಳೇ ಮಷೀನಿನಲ್ಲೇ ಅದನ್ನ ಹಾಕೋದು, ಔಟ್‌ಲುಕ್ ಎಕ್ಸ್‌ಪ್ರೆಸ್‌ನಿಂದ ಮೇಲು, ವಿಳಾಸ, ಸೆಟ್ಟಿಂಗ್ಸ್ ಇಂಪೋರ್ಟ್ ಮಾಡೋದು, ಆ ಫೋಲ್ಡರ್‌ಗಳನ್ನ ಹೊಸ ಕಂಪ್ಯೂಟರಿನ ಥಂಡರ್‌ಬರ್ಡ್‌ಗೆ ಹೊತ್ತು ಹಾಕೋದು. ಆಮೇಲೆ ಡಬ್ಬಿ ಗುಜರಿಗೆ.

ಕೆಲಸ ಶುರು ಮಾಡೋ ಮುಂಚೆ ಒಂದು ನಿಯಮ ಹಾಕಿಕೊಂಡೆ: ಎಣಿಸಬಹುದು, ಓದಬಾರದು. ಮನೆ ಬದಲಾಯಿಸುವಾಗ ಬೀರು ಹೊರುವವರು ಅದರ ತೂಕ ನೋಡ್ತಾರೆ, ಬಾಗಿಲು ತೆಗೆಯಲ್ಲ. ಥಂಡರ್‌ಬರ್ಡ್‌ನಲ್ಲಿ ಎಫ್8 ಒತ್ತಿದರೆ ಮೇಲಿನ ಒಳಭಾಗ ತೋರಿಸೋ ಪೇನ್ ಮುಚ್ಚಿಕೊಳ್ಳುತ್ತೆ, ಬರೀ ಪಟ್ಟಿ ಉಳಿಯುತ್ತೆ. ಒತ್ತಿದೆ. ಇನ್‌ಬಾಕ್ಸ್ ಅಲ್ಲಿ 4318, ಇಲ್ಲೂ 4318. ಸೆಂಟ್ ಐಟಮ್ಸ್ ಸರಿ. ಡ್ರಾಫ್ಟ್ಸ್ ಸರಿ. ಔಟ್‌ಬಾಕ್ಸ್: 3.

ಔಟ್‌ಬಾಕ್ಸ್ ಖಾಲಿ ಇರಬೇಕಿತ್ತು.

ಮೂರೂ 2013ರ ನವೆಂಬರಿನವು. ಒಂದು ಅಪ್ಪನ ಹಳೇ ಸಹೋದ್ಯೋಗಿಗೆ ದೀಪಾವಳಿ ಶುಭಾಶಯ. ಇನ್ನೊಂದು ಪಿಂಚಣಿಗೆ ಸಂಬಂಧಪಟ್ಟದ್ದು. ಮೂರನೆಯದು ಚಿಕ್ಕಪ್ಪನಿಗೆ. ಸಬ್ಜೆಕ್ಟ್ ಇಂಗ್ಲಿಷ್ ಅಕ್ಷರದಲ್ಲಿ: 'ಮನೆ ವಿಷಯ'.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ತಾತನ ಮನೆ ಇತ್ತು. ಅದನ್ನ ಮಾರೋ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೀತು. ದುಡ್ಡಿಗಿಂತ, ಯಾರು ಯಾರನ್ನ ಕೇಳಲಿಲ್ಲ ಅನ್ನೋದೇ ದೊಡ್ಡದಾಯ್ತು. ಆಮೇಲೆ ಅಪ್ಪನೇ ಸೋತು ಒಂದು ಕಾಗದ ಬರೆದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾಕೆಂದರೆ ಹನ್ನೊಂದು ವರ್ಷದಿಂದ ಚಿಕ್ಕಪ್ಪನ ಹೆಸರು ಬಂದಾಗೆಲ್ಲ ಅಪ್ಪ ಹೇಳೋದು ಒಂದೇ ವಾಕ್ಯ: "ನಾನು ಬರೆದೆ. ಅವನು ಒಂದು ಸಾಲು ಉತ್ತರ ಕೊಡಲಿಲ್ಲ." ಎರಡು ಮದುವೆ, ಒಂದು ಗೃಹಪ್ರವೇಶ, ಅತ್ತೆಯ ತಿಥಿ, ಎಲ್ಲವೂ ಆ ವಾಕ್ಯದ ಮೇಲೆ ನಡೆದುಹೋಗಿವೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಇಲ್ಲಿ ಮಾತು ಆಡಿಯೂ ಹೋಗಿರಲಿಲ್ಲ.

ಯಾಕೆ ಹೋಗಿರಲಿಲ್ಲ ಅನ್ನೋದು ನನಗೆ ಐದು ನಿಮಿಷದಲ್ಲಿ ಗೊತ್ತಾಯ್ತು, ಅದೇ ತೊಂದರೆ. ಮೇಲ್ ಪ್ರೋಗ್ರಾಮಿನಲ್ಲಿ ಬರೋದಕ್ಕೊಂದು ಸರ್ವರ್, ಹೋಗೋದಕ್ಕೊಂದು ಸರ್ವರ್ ಬೇರೆ ಬೇರೆ ಹಾಕಿರುತ್ತೀವಿ. ಅಪ್ಪನದ್ದರಲ್ಲಿ ಹೋಗೋ ಸರ್ವರ್ ಆಗಿನ ಇಂಟರ್‌ನೆಟ್ ಕಂಪನಿಯದು. ಅಂಥ ಸರ್ವರ್‌ಗಳು ಸಾಮಾನ್ಯವಾಗಿ ತಮ್ಮದೇ ಕನೆಕ್ಷನ್ ಮೂಲಕ ಬಂದ ಮೇಲನ್ನ ಮಾತ್ರ ಮುಂದಕ್ಕೆ ಕಳಿಸುತ್ತವೆ, ಇಲ್ಲದಿದ್ದರೆ ಊರಿನ ಸ್ಪ್ಯಾಮೆಲ್ಲ ಅವುಗಳ ತಲೆ ಮೇಲೆ. 2013ರ ಅಕ್ಟೋಬರಿನಲ್ಲಿ ನಮ್ಮ ಮನೆಯ ಕನೆಕ್ಷನ್ ಬದಲಾಯ್ತು. ಹೊಸದು ಅಗ್ಗ, ಸ್ಪೀಡು ಜಾಸ್ತಿ. ಬದಲಾಯಿಸಿದ್ದು ನಾನು. ಬ್ರೌಸರ್ ತೆಗೆದು ನೋಡಿದೆ, ಮೇಲ್ ಬರ್ತಿದೆಯಾ ನೋಡಿದೆ, ಬಂತು. ಹೋಗುತ್ತಾ ಅಂತ ನೋಡಲಿಲ್ಲ.

ಔಟ್‌ಲುಕ್ ಎಕ್ಸ್‌ಪ್ರೆಸ್ ಸುಮ್ಮನೆ ಇರೋ ಜಾತಿಯದಲ್ಲ, ಎರರ್ ತೋರಿಸಿರುತ್ತೆ. ಆದರೆ "ಅಂಥ ಡಬ್ಬಿ ಬಂದರೆ ಕ್ಲೋಸ್ ಒತ್ತಿ ಅಪ್ಪ, ತಲೆ ಕೆಡಿಸಿಕೊಳ್ಳಬೇಡಿ" ಅಂತ ಹೇಳಿಕೊಟ್ಟವರು ಯಾರು? ಅದೂ ನಾನೇ. ಒಂದೆರಡು ತಿಂಗಳಲ್ಲಿ ಅಪ್ಪನ ಕೈಗೆ ಸ್ಮಾರ್ಟ್‌ಫೋನ್ ಬಂತು, ಕಳಿಸೋದೆಲ್ಲ ಅದರಿಂದಲೇ ಆಯ್ತು, ಹಳೇ ಡಬ್ಬಿ ಬರೀ ಓದೋಕೆ ಉಳೀತು. ಮೂರು ಕಾಗದ ಹೊಸ್ತಿಲ ಮೇಲೇ ಕೂತವು. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಉಪಕರಣ ಮಾಡಿ, ಊರಿನವರ ಮಾತನ್ನೆಲ್ಲ ಆ ಕಡೆ ದಾಟಿಸಿದ ಮನುಷ್ಯನ ಒಂದು ಮಾತು ಹೀಗೆ ಸಿಕ್ಕಿಹಾಕಿಕೊಂಡಿತ್ತು.

ಈಗ ಪ್ರಶ್ನೆ. ಹೇಳಬೇಕಾ?

ನನ್ನ ಮೊದಲ ನಿಯಮದ ಪ್ರಕಾರ ನಾನು ಏನನ್ನೂ ಓದಿಲ್ಲ, ಆದ್ದರಿಂದ ನನಗೆ ಏನೂ ಗೊತ್ತಿಲ್ಲ. ಆದರೆ ಅಂಚೆಯವನು ಒಳಗಿನದ್ದು ಓದದಿದ್ದರೂ ವಿಳಾಸ ಓದಲೇಬೇಕು. ಓದಿದ ಮೇಲೆ ತಲುಪಿಸೋ ಹೊಣೆ ಅವನದ್ದಾಗುತ್ತೆ. 2023ರ ಹೊಸ ಕಾನೂನು ಬರೋವರೆಗೂ ನಮ್ಮಲ್ಲಿದ್ದ 1898ರ ಅಂಚೆ ಕಾಯ್ದೆಯಲ್ಲಿ ಇದಕ್ಕೊಂದು ವ್ಯವಸ್ಥೆ ಇತ್ತು. ತಲುಪಿಸೋಕಾಗದ, ವಾಪಸ್ ಯಾರಿಗೆ ಕೊಡಬೇಕು ಅಂತಲೂ ಗೊತ್ತಾಗದ ಕಾಗದವನ್ನ ಅದಕ್ಕೆಂದೇ ನೇಮಿಸಿದ ಅಧಿಕಾರಿಯೊಬ್ಬ ಒಡೆದು ನೋಡಬಹುದಿತ್ತು. ಉದ್ದೇಶ ಕಳಿಸಿದವರ ಹೆಸರು, ವಿಳಾಸ ತಿಳಿಯೋದು. ಓದಿದ್ದನ್ನ ಗುಟ್ಟಾಗಿಡೋ ಕಟ್ಟುಪಾಡು ಅವನಿಗಿತ್ತು. ನನಗೆ ಈ ನಿಯಮ ತುಂಬಾ ಇಷ್ಟ. ಗುಟ್ಟು ಕಾಪಾಡೋದು, ಕಾಗದ ಅದರ ಒಡೆಯನಿಗೆ ಮುಟ್ಟಿಸೋದು, ಎರಡೂ ಒಬ್ಬನದ್ದೇ ಕೆಲಸ. ಒಂದನ್ನ ನೆಪ ಮಾಡಿಕೊಂಡು ಇನ್ನೊಂದನ್ನ ಬಿಡೋ ಹಾಗಿಲ್ಲ. "ನಾನು ಓದಿಲ್ಲ" ಅನ್ನೋದು "ನಾನು ಹೇಳಲ್ಲ" ಅನ್ನೋದಕ್ಕೆ ಲೈಸೆನ್ಸ್ ಅಲ್ಲ.

ಇನ್ನೊಂದು ವಿಚಿತ್ರ ಗಮನಿಸಿದೆ. ಹಳೇ ಪ್ರೋಗ್ರಾಮಿನಲ್ಲಿ ಔಟ್‌ಬಾಕ್ಸ್ ಅಂದರೆ ಇನ್ನೂ ಹೊರಡೋಕೆ ತಯಾರಾಗಿ ನಿಂತ ಕಾಗದ. ಹೋಗೋ ಸರ್ವರ್ ಸರಿಮಾಡಿ 'ಸೆಂಡ್' ಒತ್ತಿದ್ದರೆ ಅವತ್ತೇ ಹೊರಟುಬಿಡುತ್ತಿತ್ತು, ಅಪ್ಪನನ್ನ ಒಂದು ಮಾತೂ ಕೇಳದೆ. ಹೊಸದಕ್ಕೆ ಇಂಪೋರ್ಟ್ ಆದಾಗ ಮಾತ್ರ ಅದು ಬರೀ 'ಔಟ್‌ಬಾಕ್ಸ್' ಅನ್ನೋ ಹೆಸರಿನ ಒಂದು ಮಾಮೂಲಿ ಫೋಲ್ಡರ್. ಮೂರು ಅಂದರೆ ಮೂರೇ, ಲೆಕ್ಕದಲ್ಲಿ ಏನೂ ಕಳೆದಿಲ್ಲ. ಆದರೆ ಅಲ್ಲಿ ಹೊರಡಬೇಕು ಅನ್ನೋ ಇರಾದೆ ಇತ್ತು, ಇಲ್ಲಿ ಅದರ ದಾಖಲೆ ಮಾತ್ರ ಇದೆ. ನಾವು ಆಫೀಸಿನಲ್ಲಿ ದಿನಬೆಳಗಾದರೆ ಡೇಟಾ ಮೈಗ್ರೇಶನ್ ಮಾಡಿ "ಕೌಂಟ್ ಮ್ಯಾಚ್ ಆಯ್ತು" ಅಂತ ಟಿಕೆಟ್ ಕ್ಲೋಸ್ ಮಾಡೋರು. ಎಣಿಕೆ ಸರಿ ಬಂದರೆ ಎಲ್ಲ ಸರಿಯಾಗಿ ಬಂತು ಅಂತ ಅರ್ಥವಾ? ಆವತ್ತಿನವರೆಗೂ ನಾನು ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಸುಮ್ಮನಿರೋದಕ್ಕೂ ಕಾರಣಗಳಿದ್ದವು, ಅವು ಕೆಟ್ಟ ಕಾರಣಗಳಲ್ಲ. ಅಪ್ಪನಿಗೆ ಎಪ್ಪತ್ತೆರಡು. ಕೋಪಕ್ಕೂ ಒಂದು ಒಗ್ಗಿಕೊಂಡ ಜಾಗ ಆಗಿದೆ. ಅದು ಸುಳ್ಳಿನ ಮೇಲೆ ನಿಂತಿತ್ತು ಅಂತ ಈಗ ಹೇಳಿದರೆ ಹನ್ನೊಂದು ವರ್ಷ ವಾಪಸ್ ಬರಲ್ಲ, ಅದರ ಬದಲು ಹನ್ನೊಂದು ವರ್ಷ ಹಾಳಾಯ್ತು ಅನ್ನೋ ಸಂಕಟ ಬರುತ್ತೆ. ಮತ್ತೆ ಒಂದು ಅನುಮಾನ ನನ್ನ ಮೇಲೇ ಇತ್ತು: ನಾನು ಹೇಳೋಕೆ ಹೊರಟಿರೋದು ಅವರಿಗೋಸ್ಕರವಾ, ಅಥವಾ ನನ್ನ ಎದೆ ಹಗುರ ಮಾಡಿಕೊಳ್ಳೋಕಾ? ತಪ್ಪೊಪ್ಪಿಗೆ ಎಷ್ಟೋ ಸಲ ನಮ್ಮ ಭಾರವನ್ನ ಇನ್ನೊಬ್ಬರ ಹೆಗಲಿಗೆ ದಾಟಿಸೋ ಮರ್ಯಾದಸ್ಥ ವಿಧಾನ.

ಬರ್ನಾರ್ಡ್ ವಿಲಿಯಮ್ಸ್ ಅನ್ನೋ ಬ್ರಿಟಿಷ್ ತತ್ತ್ವಶಾಸ್ತ್ರಜ್ಞ 1976ರ ಒಂದು ಪ್ರಬಂಧದಲ್ಲಿ ಲಾರಿ ಡ್ರೈವರೊಬ್ಬನ ಉದಾಹರಣೆ ಕೊಡ್ತಾನೆ. ಡ್ರೈವರ್ ಸರಿಯಾಗೇ ಓಡಿಸ್ತಿದ್ದ, ಆದರೂ ಒಂದು ಮಗು ಅಡ್ಡ ಬಂದು ಸತ್ತುಹೋಗುತ್ತೆ. ಸುತ್ತ ನಿಂತವರು "ನಿನ್ನ ತಪ್ಪಲ್ಲಪ್ಪ" ಅಂತಾರೆ, ಅನ್ನಲೇಬೇಕು. ಆದರೆ ಅವನು ಆ ಮಾತನ್ನ ಥಟ್ ಅಂತ ಒಪ್ಪಿಕೊಂಡು ಎದ್ದು ಹೊರಟುಬಿಟ್ಟರೆ ನಮಗೆ ಅವನ ಬಗ್ಗೆ ಏನೋ ಒಂಥರಾ ಅನ್ನಿಸುತ್ತೆ. ನೋಡಿದವನ ಬೇಜಾರೇ ಬೇರೆ, ಯಾರ ಕೈಯಿಂದ ಆಯ್ತೋ ಅವನ ಬೇಜಾರೇ ಬೇರೆ. ನನ್ನ ವಿಷಯದಲ್ಲಿ ಯಾರೂ ಸತ್ತಿಲ್ಲ, ನಾನು ಆ ಡ್ರೈವರಿನಷ್ಟು ನಿರಪರಾಧಿಯೂ ಅಲ್ಲ. ಒಂದು ಟೆಸ್ಟ್ ಮೇಲ್ ಕಳಿಸಿದ್ದರೆ ಸಾಕಿತ್ತು. ಇದರಲ್ಲಿ ಎಷ್ಟು ಪಾಲು ತಪ್ಪು, ಎಷ್ಟು ಪಾಲು ಗ್ರಹಚಾರ ಅಂತ ಅಳೆಯೋಕೆ ಹೋಗಿ ಸೋತೆ. ಆದರೆ ಒಂದು ಸ್ಪಷ್ಟವಾಯ್ತು. ಹೇಳೋ ಉದ್ದೇಶ ಎಷ್ಟು ಶುದ್ಧ ಅನ್ನೋದು ನನ್ನ ಸಮಸ್ಯೆ. ಕಾಗದ ಅಪ್ಪನದ್ದು. ಅದು ಎಲ್ಲಿದೆ ಅಂತ ತಿಳಿಯೋ ಹಕ್ಕು ನನ್ನ ಮನಸ್ಸು ಶುದ್ಧವಾಗೋವರೆಗೂ ಕಾಯಬೇಕಾಗಿಲ್ಲ.

ಅಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು. ಹೇಳಿದೆ.

"ಅಪ್ಪ, ನೀವು ಚಿಕ್ಕಪ್ಪನಿಗೆ ಬರೆದಿದ್ದ ಮೇಲ್ ಹೋಗೇ ಇಲ್ಲ. ಇಲ್ಲೇ ಇದೆ. ಕನೆಕ್ಷನ್ ಬದಲಾಯಿಸಿದಾಗ ನಾನು ಒಂದು ಸೆಟ್ಟಿಂಗ್ ಮಾಡಬೇಕಿತ್ತು, ಮಾಡಲಿಲ್ಲ."

ಅಪ್ಪ ಬಹಳ ಹೊತ್ತು ಸ್ಕ್ರೀನ್ ನೋಡ್ತಾ ಕೂತರು. ಆಮೇಲೆ ಕೇಳಿದ್ದು ನಾನು ನಿರೀಕ್ಷಿಸಿದ್ದಲ್ಲ. "ಈಗ ಕಳಿಸಿದರೆ ಯಾವ ತಾರೀಖು ಬೀಳುತ್ತೆ?"

ಹೊಸದಾಗಿ ತೆಗೆದು ಕಳಿಸಿದರೆ ಇವತ್ತಿನದು, ಹಳೇ ಮೇಲನ್ನ ಹಾಗೇ ಅಟ್ಯಾಚ್ ಮಾಡಿ ಕಳಿಸಿದರೆ ಒಳಗೆ 2013ರದ್ದೇ ಇರುತ್ತೆ ಅಂದೆ.

"ಅದನ್ನ ನೋಡಿದರೆ ಅವನು ನಂಬಬೇಕಾಗುತ್ತೆ ಅಲ್ವಾ?"

ಹೂಂ ಅನ್ನಬಹುದಿತ್ತು. ಆದರೆ ಮೇಲಿನ ಮೇಲಿರೋ ತಾರೀಖು ಅಂದರೆ ಕಳಿಸೋ ಕಂಪ್ಯೂಟರಿನ ಗಡಿಯಾರ ಬರೆದದ್ದು, ಗಡಿಯಾರ ಹಿಂದಕ್ಕೆ ತಿರುಗಿಸಿದರೆ ತಾರೀಖೂ ತಿರುಗುತ್ತೆ. ಅದನ್ನೂ ಹೇಳಿದೆ. ಆವತ್ತು ಇನ್ನೊಂದು ಅರ್ಧ ಸತ್ಯ ಹೇಳೋ ಧೈರ್ಯ ನನಗಿರಲಿಲ್ಲ.

"ಅಂದರೆ ಕೊನೆಗೂ ನನ್ನ ಮಾತು ನಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ" ಅಂದರು.

ಇನ್ನೊಂದು ತೊಡಕೂ ಇತ್ತು. ಕಾಗದ ಬರೆದದ್ದು ಹಳೇ ನುಡಿ ಫಾಂಟಿನಲ್ಲಿ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು, ಆದರೆ ನಾವೆಲ್ಲ ಅಲ್ಲಿಗೆ ಹೋಗಿ ಸೇರೋಕೆ ಎಷ್ಟೋ ವರ್ಷ ಹಿಡೀತು. ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಕಸ. ಚಿಕ್ಕಪ್ಪನ ಫೋನಿನಲ್ಲಿ ಅದು ಕಸವಾಗೇ ಬೀಳುತ್ತಿತ್ತು. ಯೂನಿಕೋಡ್‌ಗೆ ಬದಲಾಯಿಸಿಕೊಡ್ತೀನಿ ಅಂದೆ. ಬದಲಾಯಿಸಿದ ಮೇಲೆ ಅಕ್ಷರ ತಪ್ಪಿದೆಯಾ ಅಂತ ನೋಡಬೇಕು, ಅಂದರೆ ಓದಬೇಕು. ಅಪ್ಪ ಬೇಡ ಅಂದರು. ಹಳೇ ಮಷೀನಿನಲ್ಲಿ ಫಾಂಟ್ ಇತ್ತು. ಕನ್ನಡಕ ಹಾಕಿಕೊಂಡು ಅಲ್ಲಿ ತೆಗೆದರು. ನಾನು ಎದ್ದು ಬಾಲ್ಕನಿಗೆ ಹೋದೆ. ಗಿರಣಿ ಸದ್ದು ಕಾಲು ಗಂಟೆ ಕೇಳ್ತಾ ಇತ್ತು.

ಹೊರಗೆ ಬಂದಾಗ ಅಂದದ್ದು ಇಷ್ಟೇ: "ಚೆನ್ನಾಗಿ ಬರೆದಿದ್ದೆ ಕಣೋ. ಈಗ ಹಾಗೆ ಬರೆಯೋಕೆ ಬರಲ್ಲ."

ನನ್ನನ್ನ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎರಡು ವಾರ ಆ ವಿಷಯ ಎತ್ತಲಿಲ್ಲ. ಮೂರನೇ ಶನಿವಾರ ಹೋದಾಗ ಊಟದ ಮಧ್ಯೆ, ಹುಳಿ ಬಡಿಸಿಕೊಳ್ಳುತ್ತಾ, "ಅವನಿಗೆ ಫೋನ್ ಮಾಡಿದ್ದೆ" ಅಂದರು.

"ಏನಂದ್ರು?"

"ಏನಿಲ್ಲ. ಶುಗರ್ ಜಾಸ್ತಿ ಆಗಿದೆಯಂತೆ."

"ಕಾಗದದ ವಿಷಯ ಹೇಳಿದ್ರಾ?"

"ಹೇಳಿದೆ. 'ಹೌದಾ' ಅಂದ."

ಆ 'ಹೌದಾ' ನಂಬಿದ ಹೌದಾ, ನಂಬದ ಹೌದಾ, ನನಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಆದರೆ "ನಾನು ಬರೆದೆ, ಅವನು ಉತ್ತರ ಕೊಡಲಿಲ್ಲ" ಅನ್ನೋ ವಾಕ್ಯವನ್ನ ಆಮೇಲೆ ನಮ್ಮ ಮನೆಯಲ್ಲಿ ನಾನು ಕೇಳಿಲ್ಲ. ಅದರ ಜಾಗದಲ್ಲಿ ಬೇರೆ ವಾಕ್ಯ ಇನ್ನೂ ಬಂದಿಲ್ಲ.

ಡಬ್ಬಿ ಗುಜರಿಗೆ ಹೋಗಿಲ್ಲ. "ಇರಲಿ ಬಿಡು, ಫಾಂಟ್ ಇದೆಯಲ್ಲ ಅದರಲ್ಲಿ" ಅಂತಾರೆ. ನಾನೂ ಒತ್ತಾಯ ಮಾಡಿಲ್ಲ. ಹೊಸ ಕಂಪ್ಯೂಟರಿನಲ್ಲಿ ಅಕೌಂಟ್ ಸೆಟ್ ಮಾಡಿದ ದಿನ ಮೊದಲು ಮಾಡಿದ ಕೆಲಸ ಅಂದರೆ ಅಪ್ಪನ ವಿಳಾಸದಿಂದ ನನಗೊಂದು ಮೇಲ್ ಕಳಿಸಿದ್ದು. ಫೋನ್ ಟಿಣ್ ಅಂದಿತು. ಆದರೂ ಅಪ್ಪ ಕೇಳಿದರು: "ಬಂತಾ? ಸರಿಯಾಗಿ ನೋಡಿ ಹೇಳು."

ಸರಿಯಾಗಿ ನೋಡಿದೆ. "ಬಂತು ಅಪ್ಪ" ಅಂದೆ.